ಹಾಡಿನ ಸನ್ನದು, ಕೇಳುವವನ ಹೊಣೆ

ಸರ್ಕಾರಿ ಸೇವೆಗೆ ಸೇರಿದ ಹೊಸತು. 1990ರ ದಶಕದ ಆರಂಭದಲ್ಲಿ ಉತ್ತರ ಕನ್ನಡದ ಘಟ್ಟದ ಮೇಲಿನ ಪ್ರದೇಶದಲ್ಲಿ ನಾನು ಕೆಲಕಾಲ ಅಧಿಕಾರಿಯಾಗಿದ್ದೆ. ಕಾಡಂಚಿನ ಒಂದು ಹಳ್ಳಿಯಲ್ಲಿ ಸಿದ್ದಿ ಸಮುದಾಯದವರು ಏರ್ಪಡಿಸಿದ್ದ ಕೂಟಕ್ಕೆ ನನ್ನನ್ನು ಕರೆದಿದ್ದರು. ಪ್ಲಾಸ್ಟಿಕ್ ಕುರ್ಚಿ, ಸೇವಂತಿಗೆ ಹಾರ, ಸ್ಟೀಲ್ ಲೋಟದಲ್ಲಿ ಚಹಾ. ಸಂಜೆಯ ಹೊತ್ತಿಗೆ ದಮಾಮಿ ಎಂಬ ತೊಗಲುವಾದ್ಯ ಸದ್ದು ಮಾಡತೊಡಗಿತು. ಹೆಂಗಸರು ಅರ್ಧವೃತ್ತವಾಗಿ ನಿಂತು ಹಾಡುತ್ತ ಕುಣಿದರು. ಹಳೆಯ ಮೈಸೂರು ಸೀಮೆಯವನಾದ ನನಗೆ ಅವರ ಕೊಂಕಣಿ-ಮರಾಠಿ ಬೆರೆತ ನುಡಿ ಅರ್ಥವಾಗುತ್ತಿರಲಿಲ್ಲ. ಒಂದು ಸಾಲನ್ನು ಅವರು ಮತ್ತೆ ಮತ್ತೆ ನನ್ನತ್ತ ನೋಡಿಕೊಂಡೇ ಹೇಳುತ್ತಿದ್ದರು. ಪ್ರತಿ ಸಲವೂ ನೆರೆದವರು ನಗುತ್ತಿದ್ದರು. ಪಕ್ಕದಲ್ಲಿದ್ದ ಶಿರಸ್ತೇದಾರರನ್ನು ಏನೆಂದು ಕೇಳಿದೆ. ‘ನಿಮ್ಮನ್ನೇ ಹೊಗಳುತ್ತಿದ್ದಾರೆ, ಸಾರ್’ ಎಂದರು. ನಾನು ಚಪ್ಪಾಳೆ ತಟ್ಟಿದೆ. ಅವರು ಇನ್ನಷ್ಟು ನಕ್ಕರು.

ಈ ಪ್ರಸಂಗದ ಉಳಿದ ಭಾಗವನ್ನು ಕೊನೆಗೆ ಹೇಳುತ್ತೇನೆ. ನಿವೃತ್ತಿಯ ನಂತರ ಆಫ್ರಿಕಾದ ಸಂಗೀತವನ್ನು ಕೇಳುವ, ಅದರ ಬಗ್ಗೆ ಓದುವ ಹವ್ಯಾಸ ನನಗೆ ಅಂಟಿಕೊಂಡಿದ್ದರೆ ಅದರ ಬೇರು ಆ ಸಂಜೆಯಲ್ಲಿದೆ. ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು, ಅವರಲ್ಲಿ ಅನೇಕರು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರು ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಆ ಖಂಡದಲ್ಲಿ ಹಾಡಿಗೂ ಅಧಿಕಾರಕ್ಕೂ ಇದ್ದ ನೈತಿಕ ಸಂಬಂಧವೆಂಥದು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಹಾಡುವವನ ಋಣ ಯಾರಿಗೆ? ದುಡ್ಡು ಕೊಟ್ಟವನಿಗೋ, ಕುಲಕ್ಕೋ, ಸತ್ಯಕ್ಕೋ? ಕೇಳುತ್ತ ಕುಳಿತವನಿಗೆ ಏನಾದರೂ ಹೊಣೆ ಇದೆಯೇ? ನೀತಿಶಾಸ್ತ್ರದ ಪುಸ್ತಕಗಳಲ್ಲಿ ನಾವು ಹುಡುಕುವ ಇಂಥ ಪ್ರಶ್ನೆಗಳನ್ನು ಆಫ್ರಿಕಾದ ಸಮಾಜಗಳು ಶತಮಾನಗಳಿಂದ ಅಂಗಳದಲ್ಲಿ, ವಾದ್ಯಗಳ ನಡುವೆ ನಿಂತೇ ಚರ್ಚಿಸಿವೆ.

ಅರ್ಧ ಹಾಡು, ಅರ್ಧ ಮನುಷ್ಯ

ಜಿಂಬಾಬ್ವೆಯ ಶೋನಾ ಜನರ ಎಂಬಿರಾ ವಾದ್ಯವನ್ನೇ ನೋಡೋಣ. ಮರದ ಹಲಗೆಯ ಮೇಲೆ ಸಾಲಾಗಿ ಬಿಗಿದ ಲೋಹದ ಪಟ್ಟಿಗಳು. ಅವುಗಳನ್ನು ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೀಟುತ್ತಾರೆ. 2020ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡ ಈ ವಾದ್ಯದ ಸೊಗಸು ಇರುವುದು ಅದರ ಜೋಡಿ ನುಡಿಸಾಣಿಕೆಯಲ್ಲಿ. ಒಬ್ಬ ನುಡಿಸುವ ಭಾಗಕ್ಕೆ ಕುಶೌರ ಎನ್ನುತ್ತಾರೆ, ಇನ್ನೊಬ್ಬನ ಭಾಗಕ್ಕೆ ಕುಸಿನ್ಹಿರ ಎನ್ನುತ್ತಾರೆ. ಒಬ್ಬನ ಸ್ವರಗಳು ಇನ್ನೊಬ್ಬನ ಸ್ವರಗಳ ಸಂದುಗಳಲ್ಲಿ ಬಂದು ಕೂರುತ್ತವೆ. ಎರಡೂ ಹೆಣೆದುಕೊಂಡಾಗ ಇಬ್ಬರಲ್ಲಿ ಯಾರೂ ಪ್ರತ್ಯೇಕವಾಗಿ ನುಡಿಸದ ಮೂರನೆಯದೊಂದು ರಾಗಛಾಯೆ ಕೇಳುಗನ ಕಿವಿಯಲ್ಲಿ ಮೂಡುತ್ತದೆ. ಪಿತೃಗಳನ್ನು ಆಹ್ವಾನಿಸುವ ಬೀರಾ ಎಂಬ ರಾತ್ರಿಯಿಡೀ ನಡೆಯುವ ಆಚರಣೆಯಲ್ಲಿ ಎಂಬಿರಾದ ಜೊತೆಗೆ ಸೋರೆಬುರುಡೆಯ ಗಿಲಕಿ, ಚಪ್ಪಾಳೆ, ಕುಣಿತ, ನೆರೆದವರ ದನಿ ಎಲ್ಲವೂ ಸೇರಬೇಕು. ಅಲ್ಲಿ ಸುಮ್ಮನೆ ಕುಳಿತ ಪ್ರೇಕ್ಷಕನಿಗೆ ಜಾಗವಿಲ್ಲ.

ಅಮೆರಿಕದ ವಿದ್ವಾಂಸ ಜಾನ್ ಮಿಲ್ಲರ್ ಚರ್ನಾಫ್ ಉತ್ತರ ಘಾನಾದ ದಗೊಂಬಾ ಜನರಲ್ಲಿ ಡೋಲು ಕಲಿತು 1979ರಲ್ಲಿ ಪ್ರಕಟಿಸಿದ ಗ್ರಂಥ ಇದನ್ನೇ ಬೇರೊಂದು ದಿಕ್ಕಿನಿಂದ ಹೇಳುತ್ತದೆ. ಹಲವು ಲಯಗಳು ಏಕಕಾಲಕ್ಕೆ ನಡೆಯುವಾಗ ಒಳ್ಳೆಯ ವಾದಕನ ಗುಣ ಅವನ ಕೈಚಳಕದಲ್ಲಿಲ್ಲ, ಅವನು ಬಿಟ್ಟುಕೊಡುವ ತೆರಪಿನಲ್ಲಿದೆ. ತನ್ನ ಲಯವನ್ನು ತಾನು ಹಿಡಿದಿದ್ದೂ ಇತರರ ಲಯಗಳನ್ನು ಕೇಳಿಸಿಕೊಳ್ಳುವುದು, ಕುಣಿಯುವವನಿಗೆ ಹೆಜ್ಜೆಯಿಡಲು ಎಡೆಮಾಡಿಕೊಡುವುದು, ಅತಿ ಉತ್ಸಾಹದಿಂದ ಮುನ್ನುಗ್ಗದಿರುವುದು, ಇವೆಲ್ಲ ಅಲ್ಲಿ ಸಂಗೀತದ ನಿಯಮಗಳೂ ಹೌದು, ನಡತೆಯ ನಿಯಮಗಳೂ ಹೌದು. ಸಂಯಮವಿಲ್ಲದ ವಾದಕನ ಕೊರತೆಯನ್ನು ಆ ಸಮಾಜ ಅವನ ವಿದ್ಯೆಯಲ್ಲಿ ಮಾತ್ರವಲ್ಲ, ಅವನ ವ್ಯಕ್ತಿತ್ವದಲ್ಲೂ ಕಾಣುತ್ತದೆ.

ಆಫ್ರಿಕಾದ ತತ್ತ್ವಚಿಂತಕರ ನಡುವಿನ ಒಂದು ದೊಡ್ಡ ವಾಗ್ವಾದ ಇಲ್ಲಿ ನೆನಪಾಗುತ್ತದೆ. ನೈಜೀರಿಯಾದ ಇಫೆಯಾನಿ ಮೆನ್‌ಕಿಟಿ 1984ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಆಫ್ರಿಕಾದ ಸಾಂಪ್ರದಾಯಿಕ ಚಿಂತನೆಯಲ್ಲಿ ವ್ಯಕ್ತಿತ್ವವೆಂಬುದು ಹುಟ್ಟಿನಿಂದ ದತ್ತವಾದದ್ದಲ್ಲ, ಸಮುದಾಯದೊಳಗೆ ಬಾಳಿ ಗಳಿಸಿಕೊಳ್ಳಬೇಕಾದದ್ದು, ಅದರಲ್ಲಿ ಸೋಲಲೂ ಸಾಧ್ಯ ಎಂದು ವಾದಿಸಿದರು. ಘಾನಾದ ಕ್ವಾಮೆ ಜೆಚಿ ಇದನ್ನು ಪೂರ್ತಿ ಒಪ್ಪಲಿಲ್ಲ. ಮನುಷ್ಯ ಸಮುದಾಯದಲ್ಲೇ ಅರಳುತ್ತಾನೆ, ನಿಜ. ಆದರೆ ಆ ಸಮುದಾಯವನ್ನೇ ಒರೆಗೆ ಹಚ್ಚಿ ನೋಡುವ, ಬೇಕಾದರೆ ಅದನ್ನು ಧಿಕ್ಕರಿಸುವ ಶಕ್ತಿಯೂ ಹಕ್ಕೂ ಅವನಿಗಿದೆ ಎಂಬುದು ಅವರ ಮಧ್ಯಮಮಾರ್ಗ. ಇಬ್ಬರೂ 2019ರಲ್ಲಿ ತೀರಿಕೊಂಡರು. ಎಂಬಿರಾದ ಜೋಡಿವಾದನ ಮೆನ್‌ಕಿಟಿಯವರ ಪಕ್ಷದ ಸಾಕ್ಷಿಯಂತೆ ಕಾಣುತ್ತದೆ. ಜೆಚಿಯವರ ಪಕ್ಷಕ್ಕೂ ಸಾಕ್ಷಿ ಬೇಕಲ್ಲವೇ? ಅದು ಟೀಕೆಯ ಹಾಡುಗಳಲ್ಲಿ ಸಿಗುತ್ತದೆ.

ಸನ್ನದು ಯಾರದು?

ಮೊಜಾಂಬಿಕ್‌ನ ದಕ್ಷಿಣ ಭಾಗದಲ್ಲಿ ಚೋಪಿ ಎಂಬ ಜನಾಂಗವಿದೆ. ಮರದ ಪಟ್ಟಿಗಳ ಕೆಳಗೆ ಕಾಯಿಯ ಚಿಪ್ಪುಗಳನ್ನು ಕಟ್ಟಿ ಮಾಡಿದ ತಿಂಬಿಲಾ ಇವರ ಹೆಮ್ಮೆಯ ವಾದ್ಯ. ಹತ್ತಿಪ್ಪತ್ತು ವಾದ್ಯಗಳು ಒಟ್ಟಾಗಿ ನುಡಿಯುವ, ಹಲವು ಭಾಗಗಳ ದೀರ್ಘ ಪ್ರಯೋಗವೊಂದನ್ನು ಇವರು ಊರಿನ ಮುಖಂಡನ ಅಂಗಳದಲ್ಲೇ ನಡೆಸುತ್ತಿದ್ದರು. ಹ್ಯೂ ಟ್ರೇಸಿ ಎಂಬ ಸಂಗ್ರಾಹಕರು 1948ರಲ್ಲಿ ಚೋಪಿ ಸಂಗೀತಗಾರರ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಅದರಿಂದ ಹೊರಜಗತ್ತಿಗೆ ತಿಳಿದ ಸಂಗತಿಯೆಂದರೆ, ಈ ವೈಭವದ ಸಂಗೀತದ ನಡುವೆ ಅವರು ಹಾಡುತ್ತಿದ್ದದ್ದು ತೆರಿಗೆಯ ಹೊರೆಯನ್ನು, ಪೋರ್ಚುಗೀಸರ ಬಿಟ್ಟಿದುಡಿಮೆಯನ್ನು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ಹೋದವರ ಪಾಡನ್ನು ಮತ್ತು ಎದುರಿಗೇ ಕುಳಿತ ಮುಖಂಡನ ಪಕ್ಷಪಾತವನ್ನು! ಸಭೆಯಲ್ಲಿ ಎದ್ದು ನಿಂತು ಆಡಿದ್ದರೆ ದಂಡನೆಗೆ ಗುರಿಯಾಗುತ್ತಿದ್ದ ಮಾತು ತಿಂಬಿಲಾದ ಜೊತೆ ಬಂದಾಗ ಮುಖಂಡ ಕುಳಿತು ಕೇಳಲೇಬೇಕಿತ್ತು.

ಲೆರಾಯ್ ವೇಲ್ ಮತ್ತು ಲ್ಯಾಂಡೆಗ್ ವೈಟ್ ಎಂಬ ಇತಿಹಾಸಕಾರರು ದಕ್ಷಿಣ ಆಫ್ರಿಕಾ ಭಾಗದ ಇಂಥ ಮೌಖಿಕ ಕಾವ್ಯಗಳನ್ನು ಅಭ್ಯಸಿಸಿ 1991ರಲ್ಲಿ ಒಂದು ಮುಖ್ಯ ಮಾತು ಹೇಳಿದರು. ಅವರ ಪ್ರಕಾರ ಟೀಕೆಯ ಈ ಸ್ವಾತಂತ್ರ್ಯ ಹಾಡುಗಾರನೆಂಬ ವ್ಯಕ್ತಿಗೆ ಸಂದದ್ದಲ್ಲ. ಹಾಡೆಂಬ ಪ್ರಕಾರಕ್ಕೆ ಸಂದದ್ದು. ಅಂದರೆ ಸನ್ನದು ಯಾವೊಬ್ಬನ ಹೆಸರಿನಲ್ಲೂ ಇಲ್ಲ. ಯಾರೇ ಆಗಲಿ ಆ ರೂಪದ ಕಟ್ಟಳೆಗೆ ಒಳಪಟ್ಟು, ನಾಲ್ಕು ಜನರೆದುರು ಹಾಡಿದರೆ ಅದು ಅವರಿಗೂ ದೊರೆಯುತ್ತದೆ. ಗೋಡೆಯ ಹಿಂದೆ ಪಿಸುಗುಟ್ಟಿದ ಚಾಡಿಗೆ ಈ ರಕ್ಷಣೆಯಿಲ್ಲ.

ನೈಜೀರಿಯಾ ಮತ್ತು ಬೆನಿನ್ ದೇಶಗಳ ಯೊರುಬಾ ಜನರ ಗೆಲೆಡೆ ಎಂಬ ಮುಖವಾಡದ ಆಚರಣೆಯಲ್ಲೂ ಇದೇ ತತ್ತ್ವ. ತಾಯಂದಿರ, ವೃದ್ಧೆಯರ ಶಕ್ತಿಯನ್ನು ಗೌರವಿಸುವ ಈ ಉತ್ಸವದ ರಾತ್ರಿಭಾಗದಲ್ಲಿ ಎಫೆ ಎಂಬ ವೇಷಧಾರಿ ಬಂದು ಊರಿನ ಲಂಚಕೋರರನ್ನೂ ದರ್ಪಿಷ್ಠರನ್ನೂ ಹಾಡಿನಲ್ಲಿ ಗೇಲಿ ಮಾಡುತ್ತಾನೆ. ನಡತೆಯೇ ನಿಜವಾದ ಚೆಲುವು ಎಂಬರ್ಥದ ಗಾದೆ ಯೊರುಬಾ ಭಾಷೆಯಲ್ಲಿದೆ. ಚೆಲುವನ್ನೂ ಶೀಲವನ್ನೂ ಬೇರ್ಪಡಿಸದ ಜನ, ಹಾಡು ಚೆನ್ನಾಗಿತ್ತೇ ಎಂಬ ಪ್ರಶ್ನೆಯೊಳಗೇ ಹಾಡು ಸರಿಯಾಗಿತ್ತೇ ಎಂಬುದನ್ನೂ ಕೇಳಿಕೊಳ್ಳುತ್ತಾರೆ.

ಅರ್ಥಶಾಸ್ತ್ರ ಓದಿದ ನನಗೆ ಈ ವ್ಯವಸ್ಥೆಯಲ್ಲಿ ಒಂದು ಲೌಕಿಕ ಜಾಣತನವೂ ಕಾಣುತ್ತದೆ. ಅಧಿಕಾರಸ್ಥನ ಅತಿದೊಡ್ಡ ಕೊರತೆ ಹಣದ್ದಲ್ಲ, ಮಾಹಿತಿಯದು. ಕೆಳಗಿನವರೆಲ್ಲ ಅವನಿಗೆ ಹಿತವಾದುದನ್ನೇ ಹೇಳುತ್ತಾರೆ, ಏಕೆಂದರೆ ಅಹಿತ ಹೇಳಿದವನು ತೆರಬೇಕಾದ ಬೆಲೆ ದೊಡ್ಡದು, ಅದರ ಲಾಭ ಮಾತ್ರ ಎಲ್ಲರಿಗೂ ಹಂಚಿಹೋಗುತ್ತದೆ. ಹಾಡಿನ ಸನ್ನದು ಈ ಬೆಲೆಯನ್ನು ಇಳಿಸುತ್ತದೆ. ಕಾಸು ಖರ್ಚಿಲ್ಲದೆ ನಡೆಯುವ ಈ ಸಾರ್ವಜನಿಕ ಲೆಕ್ಕಪರಿಶೋಧನೆಯ ವರದಿ ಕಡತದಲ್ಲಿ ಹೂತುಹೋಗುವುದಿಲ್ಲ. ಮರುದಿನ ಬಾವಿಕಟ್ಟೆಯಲ್ಲಿ ಮಕ್ಕಳ ಬಾಯಲ್ಲೂ ಇರುತ್ತದೆ.

ಹೊಗಳಿಕೆಯ ಬೆಲೆ

ಆದರೆ ಹಾಡು ಹೊಟ್ಟೆಪಾಡೂ ಹೌದು. ಪಶ್ಚಿಮ ಆಫ್ರಿಕಾದ ಮಾಂಡೆ ಸಮಾಜದಲ್ಲಿ ಜೆಲಿ ಎಂಬ ವಂಶಪಾರಂಪರ್ಯ ಗಾಯಕವರ್ಗವಿದೆ. ಹೊರಗಿನವರು ಇವರನ್ನು ಗ್ರಿಯೊ ಎನ್ನುತ್ತಾರೆ. 13ನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಸ್ಥಾಪಿಸಿದ ಸುಂಜಾಟ ಕೇಟಾನ ಕಥನವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದವರು ಇವರೇ. ಮಾತಿನಲ್ಲಿ ನ್ಯಾಮ ಎಂಬ ಶಕ್ತಿ ಹುದುಗಿದೆ, ಅದನ್ನು ನಿಭಾಯಿಸಲು ಅರ್ಹತೆ ಬೇಕು ಎಂಬುದು ಅವರ ನಂಬಿಕೆ. ಕಮ್ಮಾರ, ಚಮ್ಮಾರ, ಗಾಯಕ ಎಲ್ಲರೂ ಇಂಥ ಶಕ್ತಿಯನ್ನು ಪಳಗಿಸುವ ಕುಲಗಳಿಗೆ ಸೇರಿದವರು. ಕುಲೀನ ಮನೆತನದವನು ಹಾಡುವಂತಿಲ್ಲ, ಹಾಡಿಸಿಕೊಂಡು ದಾನ ಕೊಡಬೇಕು. ಜೆಲಿ ಹೊಗಳುವುದು ಎದುರಿಗಿರುವವನ ಪೂರ್ವಿಕರನ್ನು. ಅದರ ಒಳದನಿ, ಇಂಥವರ ಕುಲದಲ್ಲಿ ಹುಟ್ಟಿದ ನೀನು ಏನು ಮಾಡಿದ್ದೀಯೆ ಎಂಬ ಪ್ರಶ್ನೆ. ಹೀಗಾಗಿ ಅಲ್ಲಿ ಹೊಗಳಿಕೆಯೂ ಒಂದು ಬಗೆಯ ಒತ್ತಾಯವೇ.

ಹೊಗಳಿಸಿಕೊಳ್ಳುವವರು ಹಲವರಿದ್ದಾಗ ಈ ವ್ಯವಸ್ಥೆಗೆ ಒಂದು ಸಮತೋಲನವಿತ್ತು. ಒಬ್ಬ ಜಿಪುಣನಾದರೆ ಜೆಲಿ ಇನ್ನೊಬ್ಬನ ಮನೆಗೆ ಹೋಗುತ್ತಿದ್ದ. ಕೊಳ್ಳುವವನು ಒಬ್ಬನೇ ಆದಾಗ ಏನಾಗುತ್ತದೆ ಎಂಬುದನ್ನು ಗಿನಿ ದೇಶ ತೋರಿಸಿಕೊಟ್ಟಿತು. 1958ರಲ್ಲಿ ಫ್ರಾನ್ಸಿನಿಂದ ಸ್ವತಂತ್ರವಾದ ಗಿನಿಯ ಅಧ್ಯಕ್ಷ ಸೆಕು ಟೂರೆ ಸಂಗೀತಕ್ಕೆ ಕೊಟ್ಟ ಪ್ರೋತ್ಸಾಹ ಅಪೂರ್ವವಾದದ್ದು. ಸರ್ಕಾರವೇ ವಾದ್ಯಗಳನ್ನು ಒದಗಿಸಿತು, ತಂಡಗಳಿಗೆ ಸಂಬಳ ಕೊಟ್ಟಿತು, ಸಿಲಿಫೋನ್ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ನಡೆಸಿತು. ಅದರಿಂದ ಅತ್ಯುತ್ತಮ ಸಂಗೀತ ಹೊಮ್ಮಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಆ ಹಾಡುಗಳಲ್ಲಿ ಅಧ್ಯಕ್ಷರ ಟೀಕೆಯನ್ನು ಹುಡುಕಿದರೆ ನಿರಾಶೆಯಾಗುತ್ತದೆ.

ಮಾಲಿಯ ಮಹಾನ್ ಗಾಯಕ ಸಲಿಫ್ ಕೇಟಾ 1949ರಲ್ಲಿ ಹುಟ್ಟಿದವರು. ಸುಂಜಾಟನ ವಂಶದವರೆಂದು ಹೇಳಿಕೊಳ್ಳುವ ಕುಲೀನ ಮನೆತನ ಅವರದು. ಹುಟ್ಟಿನಿಂದಲೇ ತೊನ್ನಿನಂತೆ ಬಿಳುಪಾದ ಮೈಬಣ್ಣದ ಕಾರಣ ಸಮಾಜದ ಅವಹೇಳನ ಉಂಡವರು, ಮೇಲಾಗಿ ಹಾಡುವ ಮೂಲಕ ಕುಲದ ಕಟ್ಟಳೆ ಮುರಿದವರು. ಜೆಚಿಯವರು ಹೇಳಿದ, ಸಮುದಾಯವನ್ನು ಧಿಕ್ಕರಿಸಿ ನಿಂತ ವ್ಯಕ್ತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ? ಆದರೆ 1977ರಲ್ಲಿ ಸೆಕು ಟೂರೆ ಅವರಿಗೆ ರಾಷ್ಟ್ರಗೌರವ ನೀಡಿದರು. ಆ ದಶಕದ ಕೊನೆಯಲ್ಲಿ ಕೇಟಾ ಹಾಡಿದ ‘ಮಾಂಜು’ ಎಂಬ ಗೀತೆ ಸೆಕು ಟೂರೆಯವರ ಸ್ತುತಿ. ಅದು ಅವರ ಅತ್ಯಂತ ಸುಂದರ ಹಾಡುಗಳಲ್ಲೊಂದು. ಅದೇ 1977ರಲ್ಲಿ, ಆಫ್ರಿಕನ್ ಐಕ್ಯ ಸಂಘಟನೆಯ ಮೊದಲ ಮಹಾಕಾರ್ಯದರ್ಶಿಯಾಗಿದ್ದ ಡಿಯಾಲೊ ಟೆಲ್ಲಿ ಎಂಬ ಗಿನಿಯ ಗಣ್ಯರು, ಸೆಕು ಟೂರೆಯ ಕ್ಯಾಂಪ್ ಬ್ವಾರೊ ಸೆರೆಮನೆಯಲ್ಲಿ ಅನ್ನನೀರಿಲ್ಲದೆ ಸತ್ತರು. ಹಾಡು ಕೇಳುವಾಗ ನನಗೆ ಈ ಎರಡೂ ಸಂಗತಿ ಒಟ್ಟಿಗೇ ನೆನಪಾಗುತ್ತವೆ. ಹಾಡಿನ ಸೊಗಸು ಅದರಿಂದ ಕಡಿಮೆಯಾಗುವುದಿಲ್ಲ. ಕೇಳುವ ಸುಖ ಮಾತ್ರ ಮೊದಲಿನಂತಿರುವುದಿಲ್ಲ.

ಇದಕ್ಕೆ ಪ್ರತಿಯಾಗಿ ಉಮೂ ಸಂಗಾರೆಯವರನ್ನು ನೋಡಬೇಕು. 1968ರಲ್ಲಿ ಬಮಾಕೊದಲ್ಲಿ ಹುಟ್ಟಿದ ಇವರು ವಾಸುಲು ಪ್ರಾಂತದ ಸಂಗೀತ ಪರಂಪರೆಗೆ ಸೇರಿದವರು. ಅಲ್ಲಿನ ಗಾಯಕರು ಜೆಲಿ ಕುಲದವರಲ್ಲ. ಅವರನ್ನು ಹಕ್ಕಿಗಳೆಂದು ಕರೆಯುತ್ತಾರೆ. ಹಕ್ಕಿ ಯಾರ ಆಸ್ಥಾನಕ್ಕೂ ಸೇರಿದ್ದಲ್ಲವಲ್ಲ! ಬೇಟೆಗಾರರ ಪವಿತ್ರ ವಾದ್ಯದಿಂದ ಹುಟ್ಟಿದ ಯುವಕರ ತಂತಿವಾದ್ಯವನ್ನು ಹಿನ್ನೆಲೆಯಲ್ಲಿಟ್ಟುಕೊಂಡು, ‘ಮಹಿಳೆಯರು’ ಎಂಬರ್ಥದ ಹೆಸರಿನ ತಮ್ಮ ಮೊದಲ ಧ್ವನಿಸುರುಳಿಯಿಂದಲೇ ಅವರು ಬಹುಪತ್ನಿತ್ವ ಮತ್ತು ಬಲವಂತದ ಮದುವೆಗಳ ವಿರುದ್ಧ ದನಿಯೆತ್ತಿದರು. ತಂದೆ ಇನ್ನೊಬ್ಬಳನ್ನು ತಂದಾಗ ತಾಯಿ ಪಟ್ಟ ಕಷ್ಟವನ್ನು ಕಣ್ಣಾರೆ ಕಂಡು, ಬಾಲ್ಯದಲ್ಲಿ ಬೀದಿಯಲ್ಲಿ ನೀರು ಮಾರಿದ ಹೆಣ್ಣುಮಗಳ ದನಿ ಅದು. ಮುಖ್ಯ ಸಂಗತಿಯೆಂದರೆ ಅವರ ಹಾಡಿಗೆ ಹಣ ಬಂದದ್ದು ಒಬ್ಬ ದಾನಿಯಿಂದಲ್ಲ, ಸಂತೆಯಲ್ಲಿ ಕ್ಯಾಸೆಟ್ ಕೊಂಡ ಸಾಮಾನ್ಯ ಹೆಂಗಸರಿಂದ. ಮಾರುಕಟ್ಟೆ ಕಲೆಯನ್ನು ಕೆಡಿಸುತ್ತದೆಂದು ನಾವು ಸದಾ ಗೊಣಗುತ್ತೇವೆ. ಕೆಲವೊಮ್ಮೆ ಅದು ಕಲಾವಿದನನ್ನು ದೊರೆಯ ಹಂಗಿನಿಂದ ಬಿಡಿಸುವುದೂ ಉಂಟು.

ಒಪ್ಪಂದ ಮುರಿದಾಗ

ಆಳುವವನು ಸನ್ನದನ್ನು ಗೌರವಿಸದಿದ್ದರೆ? ನೈಜೀರಿಯಾದ ಅಬೆಯೊಕುಟಾ ಪಟ್ಟಣದಲ್ಲಿ 1940ರ ದಶಕದ ಕೊನೆಯಲ್ಲಿ ಹೆಂಗಸರ ಮೇಲೆ ಹೇರಿದ್ದ ತೆರಿಗೆಯ ವಿರುದ್ಧ ದೊಡ್ಡ ಚಳವಳಿ ನಡೆಯಿತು. ಅದರ ನಾಯಕಿ ಫುನ್ಮಿಲಾಯೊ ರಾನ್ಸಮ್-ಕುಟಿ. ಸಾವಿರಾರು ಹೆಂಗಸರು ಅರಮನೆಯ ಮುಂದೆ ಕುಳಿತು ಅರಸನನ್ನು ಹಳಿಯುವ ಹಾಡುಗಳನ್ನು ಹಾಡಿದರು. ಅರಸ 1949ರಲ್ಲಿ ಕೆಲಕಾಲ ಪಟ್ಟ ಬಿಟ್ಟು ಹೋಗಬೇಕಾಯಿತು. ಕಂದಾಯ ವಸೂಲಿಯಲ್ಲಿ ವರ್ಷಗಳನ್ನು ಕಳೆದ ನನಗೆ ಈ ಚರಿತ್ರೆ ಓದುವಾಗ ಅರಸನ ಬಗ್ಗೆ ತುಸು ಕನಿಕರ, ಹೆಂಗಸರ ಬಗ್ಗೆ ಬಹಳ ಗೌರವ ಮೂಡಿತು.

ಆಕೆಯ ಮಗನೇ ಫೆಲಾ ಕುಟಿ. ತಾಯಿ ಅರಮನೆಯ ಮುಂದೆ ಮಾಡಿದ್ದನ್ನು ಮಗ ಲಾಗೋಸಿನ ತನ್ನ ರಂಗಶಾಲೆಯಲ್ಲಿ ಸ್ಯಾಕ್ಸೊಫೋನ್, ವಿದ್ಯುತ್ ಗಿಟಾರುಗಳೊಂದಿಗೆ ಮಾಡಿದ. 1976ರ ‘ಜೋಂಬಿ’ ಎಂಬ ಹಾಡು, ಆಜ್ಞೆಯಿಲ್ಲದೆ ಯೋಚಿಸಲೂ ಅರಿಯದ ಸೈನಿಕರ ಲೇವಡಿ. ತಾಯಿಯ ಕಾಲದ ಅರಸ ಹಾಡಿಗೆ ಮಣಿದಿದ್ದ. ಮಗನ ಕಾಲದ ಸೇನಾಡಳಿತ 1977ರ ಫೆಬ್ರವರಿ 18ರಂದು ನೂರಾರು ಸೈನಿಕರನ್ನು ಕಳುಹಿಸಿ ಅವನ ಮನೆಯನ್ನು ಸುಟ್ಟುಹಾಕಿತು. ಅಂದು ಕಿಟಕಿಯಿಂದ ಕೆಳಗೆಸೆಯಲ್ಪಟ್ಟ ಆ ವೃದ್ಧ ತಾಯಿ ಮರುವರ್ಷ ತೀರಿಕೊಂಡರು. ವಿಚಾರಣೆ ನಡೆಸಿದವರು ಅಪರಾಧಿ ‘ಅಜ್ಞಾತ ಸೈನಿಕ’ ಎಂದು ಕೈತೊಳೆದುಕೊಂಡರು. ಫೆಲಾ ಸಾಂಕೇತಿಕ ಶವಪೆಟ್ಟಿಗೆಯೊಂದನ್ನು ಆಡಳಿತದ ಕೇಂದ್ರವಾಗಿದ್ದ ಸೇನಾನೆಲೆಗೆ ಹೊತ್ತೊಯ್ದ; ಎರಡು ಸಂಗತಿಗಳನ್ನೂ ಹಾಡಾಗಿಸಿದ.

ಆದರೆ ಫೆಲಾನನ್ನು ಸಂತನಾಗಿಸುವುದು ತಪ್ಪಾಗುತ್ತದೆ. ಹೆಂಗಸರ ಹಕ್ಕಿಗಾಗಿ ಹೋರಾಡಿದ ತಾಯಿಯ ಮಗ ತನ್ನ ಹಾಡಿನಲ್ಲಿ ಸಮಾನತೆ ಬಯಸುವ ಹೆಣ್ಣನ್ನು ಹಂಗಿಸಿದ, 1978ರಲ್ಲಿ ಒಂದೇ ಸಮಾರಂಭದಲ್ಲಿ 27 ಮಂದಿಯನ್ನು ಮದುವೆಯಾದ. ಅವನು 1997ರಲ್ಲಿ ಏಡ್ಸ್ ಸಂಬಂಧಿ ಕಾಯಿಲೆಯಿಂದ ಸತ್ತನೆಂಬುದನ್ನು ಮರೆಮಾಚದೆ ಪ್ರಕಟಿಸಿದವರು ಮಾಜಿ ಆರೋಗ್ಯ ಸಚಿವರಾದ ಅವನ ಅಣ್ಣ. ಸನ್ನದು ವ್ಯಕ್ತಿಯದಲ್ಲ, ಹಾಡಿನದು ಎಂಬ ಮಾತು ಇಲ್ಲಿ ಎರಡೂ ಕಡೆ ಹರಿತವಾಗಿದೆ. ಹಾಡಿದವನ ದೋಷಗಳಿಂದ ಹಾಡಿನ ಸತ್ಯ ಸುಳ್ಳಾಗುವುದಿಲ್ಲ. ಹಾಡಿನ ಸತ್ಯದಿಂದ ಹಾಡಿದವನ ದೋಷಗಳೂ ತೊಳೆದುಹೋಗುವುದಿಲ್ಲ.

ಜಿಂಬಾಬ್ವೆಯ ಥಾಮಸ್ ಮಾಪ್ಫುಮೊ ಎಂಬಿರಾದ ನಡೆಯನ್ನು ವಿದ್ಯುತ್ ಗಿಟಾರಿಗೆ ಇಳಿಸಿ, ಬಿಳಿಯರ ಆಡಳಿತದ ವಿರುದ್ಧ ಹಾಡಿ 1977ರಲ್ಲಿ ಬಂಧಿತರಾದವರು. 1980ರಲ್ಲಿ ಸ್ವಾತಂತ್ರ್ಯ ಬಂದಾಗ ಅವರು ಹೊಸ ಸರ್ಕಾರದ ಕಣ್ಮಣಿ. ಅದೇ ದಶಕದ ಕೊನೆಗೆ ಮಂತ್ರಿಗಳು ಕಾರುಗಳನ್ನು ಕಡಿಮೆ ಬೆಲೆಗೆ ಪಡೆದು ಕಾಳಸಂತೆಯಲ್ಲಿ ಮಾರಿದ ಹಗರಣ ಬಯಲಾಯಿತು. ಅವರು ‘ಭ್ರಷ್ಟಾಚಾರ’ ಎಂಬರ್ಥದ ಹೆಸರಿನಲ್ಲೇ ಹಾಡು ಕಟ್ಟಿದರು. ನಿನ್ನೆಯ ಸಂಗಾತಿಗಳ ವಿರುದ್ಧ ಹಾಡುವುದು ಶತ್ರುವಿನ ವಿರುದ್ಧ ಹಾಡುವುದಕ್ಕಿಂತ ಕಷ್ಟ. ಅದರ ಬೆಲೆಯಾಗಿ ಅವರು ಅಮೆರಿಕದಲ್ಲಿ ನೆಲೆಸಬೇಕಾಯಿತು. ಮುಗಾಬೆ ಅಧಿಕಾರದಿಂದ ಇಳಿದ ನಂತರ, 2018ರ ಏಪ್ರಿಲ್‌ನಲ್ಲಿ ಅವರು ಹರಾರೆಗೆ ಮರಳಿ ಹಾಡಿದರು.

ಹಾಡು ಕೊಲ್ಲಬಲ್ಲದೇ?

ಇನ್ನು ಅತ್ಯಂತ ಕಠಿಣವಾದ ಪ್ರಶ್ನೆ. ಹಾಡುವವನೇ ಒಪ್ಪಂದ ಮುರಿದರೆ? ರುವಾಂಡದ ಸೈಮನ್ ಬಿಕಿಂಡಿ ಜನಪ್ರಿಯ ಗಾಯಕ, ನೃತ್ಯತಂಡವೊಂದರ ಸ್ಥಾಪಕ. 1994ರ ನರಮೇಧದ ವೇಳೆ ದ್ವೇಷ ಬಿತ್ತುತ್ತಿದ್ದ ರೇಡಿಯೊ ಅವನ ಹಾಡುಗಳನ್ನು ಪದೇಪದೇ ಪ್ರಸಾರ ಮಾಡಿತು. ಅಂತಾರಾಷ್ಟ್ರೀಯ ನ್ಯಾಯಮಂಡಳಿ 2008ರ ಡಿಸೆಂಬರ್‌ನಲ್ಲಿ ಅವನಿಗೆ 15 ವರ್ಷ ಸೆರೆವಾಸ ವಿಧಿಸಿತು. ಗಮನಿಸಬೇಕಾದ ಸೂಕ್ಷ್ಮವೆಂದರೆ, ಶಿಕ್ಷೆಯಾದದ್ದು ಹಾಡುಗಳಿಗಲ್ಲ. 1994ರ ಜೂನ್ ಕೊನೆಯಲ್ಲಿ ಅವನು ರಸ್ತೆಯಲ್ಲಿ ಧ್ವನಿವರ್ಧಕದ ಮೂಲಕ ಟುಟ್ಸಿಗಳನ್ನು ಕೊಲ್ಲಲು ಕರೆಕೊಟ್ಟದ್ದಕ್ಕೆ. ಹಾಡುಗಳನ್ನು ನರಮೇಧಕ್ಕೆ ಮೊದಲೇ ರಚಿಸಲಾಗಿತ್ತು. ಅವು ದ್ವೇಷಪ್ರಚಾರಕ್ಕೆ ಬಳಕೆಯಾದದ್ದು ನಿಜವಾದರೂ 1994ರ ಪ್ರಸಾರದಲ್ಲಿ ಅವನ ಕೈವಾಡ ಸಾಬೀತಾಗಲಿಲ್ಲ.

ಕಾನೂನಿನ ದೃಷ್ಟಿಯಿಂದ ಇದು ಸರಿಯಾದ ತೀರ್ಪೇ. ಅನುಮಾನದ ಲಾಭ ಆರೋಪಿಗೆ ಸಲ್ಲಬೇಕು. ಆದರೆ ನೀತಿಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಚೋಪಿ ಹಾಡುಗಾರ ತನಗಿಂತ ಬಲಿಷ್ಠನಾದವನನ್ನು ಅವನ ಎದುರಿಗೇ ಹಳಿಯುತ್ತಿದ್ದ, ಅಪಾಯವೇನಿದ್ದರೂ ಹಾಡುವವನಿಗೇ. ರುವಾಂಡದ ರೇಡಿಯೊದಲ್ಲಿ ಹಾಡು ಬಲಿಷ್ಠರ ಕೈಯಲ್ಲಿತ್ತು. ಅದರ ಗುರಿಯಾದವರು ಅಡಗಿ ಕುಳಿತಿದ್ದರು, ಅವರಿಗೆ ಮರುಹಾಡು ಹಾಡುವ ಅವಕಾಶವಿರಲಿಲ್ಲ. ಅಂಗಳದ ಹಾಡಿಗೆ ಕೇಳುಗರು ಅಲ್ಲೇ ನಕ್ಕೋ ತಲೆಯಲ್ಲಾಡಿಸಿಯೋ ತೀರ್ಪು ಕೊಡುತ್ತಾರೆ. ರೇಡಿಯೊದ ಹಾಡಿಗೆ ಅಂಗಳವೇ ಇಲ್ಲ.

ದಕ್ಷಿಣ ಆಫ್ರಿಕಾದ ನ್ಯಾಯಾಲಯಗಳೂ ಇದೇ ಗಂಟನ್ನು ಬಿಡಿಸಲು ಹೆಣಗಿವೆ. ಬೋಯರ್ ಜನರನ್ನು ಗುಂಡಿಕ್ಕುವ ಮಾತುಳ್ಳ, ವರ್ಣಭೇದದ ಕಾಲದ ಹೋರಾಟದ ಹಾಡೊಂದನ್ನು ಪ್ರಜಾಪ್ರಭುತ್ವ ಬಂದ ಮೇಲೂ ರಾಜಕಾರಣಿ ಜೂಲಿಯಸ್ ಮಲೆಮಾ ವೇದಿಕೆಯಲ್ಲಿ ಹಾಡಿದರು. 2011ರಲ್ಲಿ ನ್ಯಾಯಾಲಯ ಅದನ್ನು ದ್ವೇಷಭಾಷಣವೆಂದಿತು. ಮುಂದೆ ಹೂಡಿದ ಇನ್ನೊಂದು ದಾವೆಯಲ್ಲಿ 2022ರಲ್ಲಿ ಇದಕ್ಕೆ ವ್ಯತಿರಿಕ್ತ ತೀರ್ಪು ಬಂತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಸಂವಿಧಾನ ನ್ಯಾಯಾಲಯ ಮೇಲ್ಮನವಿಗೆ ಅವಕಾಶ ನೀಡಲಿಲ್ಲ. ಹಾಡಿನ ಮಾತುಗಳನ್ನು ಅಕ್ಷರಶಃ ಓದದೆ ಅದರ ಚರಿತ್ರೆ, ಸಂದರ್ಭಗಳೊಂದಿಗೆ ನೋಡಬೇಕೆಂಬುದು ಈ ನ್ಯಾಯಾಲಯಗಳ ನಿಲುವು. ಆದರೆ ತೋಟದ ಮನೆಯಲ್ಲಿ ಒಂಟಿಯಾಗಿರುವ ಬಿಳಿಯ ರೈತನೊಬ್ಬನ ಕಿವಿಗೆ ಅದು ಚರಿತ್ರೆಯಾಗಿ ಕೇಳಿಸುತ್ತದೆಯೇ? ತೀರ್ಪನ್ನು ನಾನು ಒಪ್ಪುತ್ತೇನೆ. ಆದರೆ ಹಾಡುವ ಹಕ್ಕು ಇದ್ದಾಕ್ಷಣ ಹಾಡಲೇಬೇಕೆಂದೇನಿಲ್ಲ. ತೆರಪು ಬಿಡುವುದು ಒಳ್ಳೆಯ ವಾದಕನ ಲಕ್ಷಣವೆಂದು ದಗೊಂಬಾ ಡೋಲುಗಾರರು ಹೇಳಿಕೊಟ್ಟಿದ್ದಾರಲ್ಲ.

ಕೇಳುವವನ ಸರದಿ

ಇಲ್ಲಿಯವರೆಗೆ ಹಾಡುವವನ ಹೊಣೆಯ ಬಗ್ಗೆಯೇ ಹೇಳಿದೆ. ಮೊದಲು ಹೇಳಿದ ಪ್ರಸಂಗವನ್ನು ಮುಗಿಸಬೇಕು.

ಆ ಸಂಜೆ ಕಳೆದು ಹನ್ನೆರಡು ವರ್ಷಗಳ ನಂತರ, ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ 2003ರ ಸುಮಾರಿಗೆ, ಬೆಂಗಳೂರಿನ ಕಚೇರಿಗೆ ಆ ಸಮುದಾಯದ ಶಿಕ್ಷಕರೊಬ್ಬರು ಬೇರಾವುದೋ ಕೆಲಸಕ್ಕಾಗಿ ಬಂದಿದ್ದರು. ಊರಿನ ಹೆಸರು ಕೇಳಿ ನಾನು ಉತ್ಸಾಹದಿಂದ ಆ ಕೂಟವನ್ನು ನೆನೆಸಿಕೊಂಡೆ, ನನ್ನನ್ನು ಹೊಗಳಿ ಹಾಡಿದ್ದನ್ನೂ ಹೇಳಿದೆ. ಅವರು ಸ್ವಲ್ಪ ಸಂಕೋಚದಿಂದ, ‘ನಾನು ಆಗ ಹೈಸ್ಕೂಲಿನಲ್ಲಿದ್ದೆ, ಸಾರ್. ಅಲ್ಲೇ ಇದ್ದೆ. ಅದು ಹೊಗಳಿಕೆ ಅಲ್ಲ’ ಎಂದರು. ಒತ್ತಾಯಿಸಿದ ಮೇಲೆ ಅರ್ಥ ಹೇಳಿದರು. ಕಾಗದ ಮೇಜಿನಿಂದ ಮೇಜಿಗೆ ನಡೆಯುತ್ತದೆ, ನಾವು ಊರಿನಿಂದ ಕಚೇರಿಗೆ ನಡೆಯುತ್ತೇವೆ, ಎರಡೂ ಇನ್ನೂ ತಲುಪಿಲ್ಲ. ಸಾಹೇಬರು ಒಳ್ಳೆಯವರು, ಅವರಿಗೆ ಕಿವಿ ಮಾತ್ರ ಕೊಡಿಸಬೇಕು. ಇದು ಆ ಹೆಂಗಸರು ಅಂದೇ ಕಟ್ಟಿದ ಹಾಡಿನ ತಾತ್ಪರ್ಯ. ಉಳುಮೆಯ ಜಮೀನಿನ ಹಕ್ಕಿಗಾಗಿ ಅವರು ಕೊಟ್ಟಿದ್ದ ಅರ್ಜಿಗಳು ನನ್ನ ಮೇಜಿನ ಮೇಲೇ ಇದ್ದವು. ಆ ಹಳ್ಳಿಯ ಅರ್ಜಿಗಳನ್ನು ವಿಲೇವಾರಿ ಮಾಡದೆಯೇ, ಎಂಟು ತಿಂಗಳ ಬಳಿಕ ವರ್ಗವಾಗಿ ಹೋದೆ.

ಶಿರಸ್ತೇದಾರರ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅವರು ನನಗೆ ಹಿತವಾದುದನ್ನೇ ಹೇಳಿದರು. ಹಾಗೆ ಹೇಳುವಂತೆ ಅವರನ್ನು ರೂಢಿಸಿದ್ದು ನಮ್ಮಂಥವರೇ. ಇನ್ನೊಬ್ಬರನ್ನು ಕೇಳಬಹುದಿತ್ತು. ಅಷ್ಟು ಜನ ನಗುತ್ತಿರುವಾಗ ಅದು ಬರಿಯ ಹೊಗಳಿಕೆ ಹೇಗಾದೀತು ಎಂದು ಯೋಚಿಸಬಹುದಿತ್ತು. ಅವರು ಹಾಡಿನ ಕಟ್ಟಳೆಯನ್ನು ಚಾಚೂ ತಪ್ಪದೆ ಪಾಲಿಸಿದ್ದರು: ನಾಲ್ಕು ಜನರೆದುರು, ನನ್ನ ಮುಖ ನೋಡಿಕೊಂಡೇ, ಹಾರ ಹಾಕಿ ಗೌರವಿಸಿ, ಹೇಳಬೇಕಾದ್ದನ್ನು ಹೇಳಿದ್ದರು. ಜೋಡಿವಾದನದ ತಮ್ಮ ಭಾಗವನ್ನು ನುಡಿಸಿ ನನಗಾಗಿ ತೆರಪು ಬಿಟ್ಟಿದ್ದರು. ಅದರಲ್ಲಿ ನಾನು ನುಡಿಸಿದ್ದು ಒಂದು ಚಪ್ಪಾಳೆ ಮಾತ್ರ.

‘ಆಮೇಲೆ ಜಮೀನು ಸಿಕ್ಕಿತೇ?’ ಎಂದು ಆ ಶಿಕ್ಷಕರನ್ನು ಕೇಳಿದೆ. ‘ಕೆಲವರಿಗೆ ಸಿಕ್ಕಿತು, ಸಾರ್’ ಎಂದರು. ನಿಮ್ಮ ಮನೆಯವರಿಗೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಬಂದ ಕೆಲಸವನ್ನು ಅಂದೇ ಮಾಡಿಕೊಟ್ಟೆ. ಹೊರಡುವಾಗ, ಆ ಹಾಡು ಈಗಲೂ ಇದೆಯೇ ಎಂದೆ. ಇದೆ, ಈಗ ಅದರಲ್ಲಿ ಹೊಸ ಸಾಹೇಬರಿದ್ದಾರೆ ಎಂದು ಅವರು ನಕ್ಕರು.